ಯಾವ ಸಿಮ್‌ಗಾದರೂ ಫೋನ್ ಹೋಗುತ್ತೆ, ವಿಡಿಯೋ ಕಾಲ್ ಯಾಕೆ ಹೋಗಲ್ಲ?

ಕಳೆದ ಯುಗಾದಿಗೆ ನಡೆದದ್ದು. ಅಕ್ಕ ಮ್ಯೂನಿಕ್‌ನಲ್ಲಿ, ತಮ್ಮ ಬೆಂಗಳೂರಿನಲ್ಲಿ, ನಾನು ಹಬ್ಬಕ್ಕೆ ಅಂತ ತೀರ್ಥಹಳ್ಳಿಯಲ್ಲಿ ಅಮ್ಮನ ಜೊತೆ. ಬೇವು-ಬೆಲ್ಲ ತಿನ್ನುವಾಗ ಎಲ್ಲರೂ ವಿಡಿಯೋದಲ್ಲಿ ಒಟ್ಟಿಗೆ ಇರೋಣ ಅಂತ ಮಾತಾಗಿತ್ತು. ಅಕ್ಕನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಒಂದೇ ಆ್ಯಪ್‌ಗೆ ಪರ್ಮಿಷನ್, ತಮ್ಮನ ಫೋನಲ್ಲಿ ಇನ್ನೊಂದು, ಅಮ್ಮನಿಗೆ ಬರೋದು ಮೂರನೆಯದು. ಲಿಂಕ್ ಕಳಿಸು, ಒಟಿಪಿ ಹೇಳು, ಅಪ್‌ಡೇಟ್ ಮಾಡು ಅನ್ನೋದರಲ್ಲೇ ಇಪ್ಪತ್ತು ನಿಮಿಷ ಹೋಯ್ತು. ತಟ್ಟೆ ಹಿಡಿದು ಕೂತಿದ್ದ ಅಮ್ಮ ಕೊನೆಗೆ ಕೇಳಿದಳು: "ಅಲ್ಲ ಮಾರಾಯ, ಫೋನ್ ಮಾಡುವಾಗ ನಿಂದು ಯಾವ ಸಿಮ್ ಅಂತ ನಾನು ಕೇಳ್ತೀನಾ? ನಂಬರ್ ಒತ್ತಿದ್ರೆ ಹೋಗುತ್ತೆ. ಇದಕ್ಕೆ ಮಾತ್ರ ಯಾಕೆ ಮೂರು ಮೂರು?"

ನಾನು ಈ ಕೆಲಸದಲ್ಲೇ ಇರೋನು. ಆದರೂ ತಕ್ಷಣ ಉತ್ತರ ಹೊಳೆಯಲಿಲ್ಲ. "ತಂತ್ರಜ್ಞಾನ ಬೇರೆ ಬೇರೆ ಅಮ್ಮ" ಅಂದುಬಿಟ್ಟೆ. ಅದು ಸುಳ್ಳು. ಆ ಮೂರೂ ಆ್ಯಪ್‌ಗಳನ್ನು ಬಿಚ್ಚಿ ನೋಡಿದರೆ ಒಳಗಿರೋ ಸಾಮಾನು ಬಹುತೇಕ ಒಂದೇ. ಚಿತ್ರ ಹಿಂಡುವ, ಅಂದರೆ ಕಂಪ್ರೆಸ್ ಮಾಡಿ ಚಿಕ್ಕದಾಗಿಸುವ ವಿಧಾನ, ದನಿ ಹಿಂಡುವ ವಿಧಾನ, ಅದನ್ನು ಕಳಿಸೋಕೆ ಸಣ್ಣ ಸಣ್ಣ ಪ್ಯಾಕೆಟ್ ಕಟ್ಟುವ ರೀತಿ, ಎಲ್ಲವೂ ಬರೆದಿಟ್ಟ ಸ್ಟ್ಯಾಂಡರ್ಡ್‌ಗಳೇ. ಬೇರೆ ಇರೋದು ಬಾಗಿಲು ಒಂದೇ. ಅದು ಹೇಗೆ ಹೀಗಾಯ್ತು ಅನ್ನೋದೇ ಈ ಲೇಖನ.

ಮುಖ ನೋಡಿಕೊಂಡು ಮಾತಾಡೋ ಆಸೆ ಹಳೆಯದು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪಿಕ್ಚರ್‌ಫೋನ್ ಅಂತ ಒಂದನ್ನು ತೋರಿಸಿತು. ಜನ ಸಾಲುಗಟ್ಟಿ ನೋಡಿದರು. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಿಜವಾಗಿ ಮಾರಾಟಕ್ಕೆ ಬಂತು, ತಿಂಗಳಿಗೆ 160 ಡಾಲರ್ ಬಾಡಿಗೆ, ಅದೂ ಅರ್ಧ ಗಂಟೆಯ ಮಾತಿಗೆ. ಅಷ್ಟು ಕೊಟ್ಟು ತಗೊಂಡರೂ ಆ ಕಡೆಯವರ ಹತ್ತಿರವೂ ಅದೇ ಪೆಟ್ಟಿಗೆ ಇರಬೇಕಲ್ಲ? ಇರಲಿಲ್ಲ. ಮಲಗಿಕೊಂಡಿತು.

ಅದಕ್ಕೂ ದೊಡ್ಡ ತೊಂದರೆ ಬೇರೆ ಇತ್ತು. ಚಿತ್ರ ಅನ್ನೋದು ತುಂಬಾ ಜಾಗ ತಿನ್ನುತ್ತೆ. ಲೆಕ್ಕ ಹಾಕೋಣ. 352 ಚುಕ್ಕೆ ಅಗಲ, 288 ಚುಕ್ಕೆ ಎತ್ತರದ ಸಣ್ಣ ಚಿತ್ರ, ಅಂದರೆ ಹಳೇ ಫೋನ್‌ನ ಸ್ಕ್ರೀನ್ ಅಷ್ಟು. ಸೆಕೆಂಡಿಗೆ 30 ಸಲ, ಏನೂ ಹಿಂಡದೆ ಕಳಿಸಿದರೆ ಸುಮಾರು 36 ಎಂಬಿಪಿಎಸ್, ಅಂದರೆ 36,000 ಕೆಬಿಪಿಎಸ್ ಬೇಕು. ಆ ಕಾಲದ ಡಿಜಿಟಲ್ ಟೆಲಿಫೋನ್ ಲೈನ್ ಒಂದರ ತಾಕತ್ತು 64 ಕೆಬಿಪಿಎಸ್. ಐನೂರಕ್ಕೂ ಜಾಸ್ತಿ ಪಟ್ಟು ಹಿಂಡಬೇಕು. ಹತ್ತಿಪ್ಪತ್ತು ಲೈನ್ ಸೇರಿಸಿದರೂ ಸಾಲದು.

ಇಲ್ಲೇ ನಮ್ಮೂರಿನವರೊಬ್ಬರು ಬರುತ್ತಾರೆ. ನಾಸಿರ್ ಅಹ್ಮದ್, 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಇವತ್ತು ನಾವು ಯುವಿಸಿಇ ಅಂತ ಕರೆಯುವ ಕೆ.ಆರ್. ಸರ್ಕಲ್‌ನ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. ಕ್ಯಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಚಿತ್ರ ಹಿಂಡೋಕೆ ಒಂದು ಗಣಿತದ ಉಪಾಯವಿದೆ, ದುಡ್ಡು ಕೊಡಿ, ಕೆಲಸ ಮಾಡ್ತೀನಿ ಅಂತ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ನೋಡಿದವರಿಗೆ ಅದು ತೀರಾ ಸರಳ ಅನ್ನಿಸಿತಂತೆ. ದುಡ್ಡು ಬರಲಿಲ್ಲ. ಅಹ್ಮದ್ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ನಾಲ್ಕು ಪುಟದ ಪೇಪರ್ ಪ್ರಕಟಿಸಿದರು. ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಯುವಿಸಿಇ ಮುಂದೆ ದಿನಾ ಬಸ್ಸಲ್ಲಿ ಹೋಗುವ ಎಷ್ಟು ಜನರಿಗೆ ಈ ಹೆಸರು ಗೊತ್ತು ಅಂತ ನನಗೆ ಆಗಾಗ ಅನ್ನಿಸುತ್ತೆ. ಅವರ ಜೇಬಿನಲ್ಲಿರೋ ಫೋನ್‌ಗಂತೂ ಗೊತ್ತು.

ಉಪಾಯ ಏನು ಅಂದರೆ, ಚಿತ್ರವನ್ನು 8 ಅಡ್ಡ, 8 ಉದ್ದದ ಸಣ್ಣ ಚೌಕಗಳಾಗಿ ಕತ್ತರಿಸಿ. ಒಂದು ಚೌಕದಲ್ಲಿ 64 ಚುಕ್ಕೆ. ಈ 64 ಚುಕ್ಕೆಗಳ ಬೆಳಕು ಎಷ್ಟೆಷ್ಟು ಅಂತ ಒಂದೊಂದಾಗಿ ಹೇಳೋ ಬದಲು, ಮೊದಲು ಇಡೀ ಚೌಕದ ಸರಾಸರಿ ಹೇಳಿ. ಆಮೇಲೆ ಎಡದಿಂದ ಬಲಕ್ಕೆ ಬೆಳಕು ನಿಧಾನವಾಗಿ ಎಷ್ಟು ಬದಲಾಗುತ್ತೆ ಹೇಳಿ, ಮೇಲಿಂದ ಕೆಳಗೆ ಎಷ್ಟು ಹೇಳಿ, ಹಾಗೇ ಇನ್ನೂ ಬೇಗ ಬೇಗ ಬದಲಾಗುವ ಗೆರೆಗಳ ಲೆಕ್ಕಕ್ಕೆ ಬನ್ನಿ. ಅಮ್ಮನ ಕೆನ್ನೆಯ ಮೇಲಿನ ಒಂದು ಚೌಕ ತಗೊಂಡರೆ ಸರಾಸರಿ ಮತ್ತು ಮೊದಲ ನಾಲ್ಕೈದು ಸಂಖ್ಯೆ ಹೇಳಿದರೆ ಸಾಕು, ಉಳಿದ ಐವತ್ತು ಚಿಲ್ಲರೆ ಸಂಖ್ಯೆಗಳೆಲ್ಲ ಸೊನ್ನೆಗೆ ಹತ್ತಿರ. ಅವನ್ನು ಸೊನ್ನೆ ಅಂತಲೇ ಮಾಡಿ ಬಿಸಾಕಿ. ಕಣ್ಣಿಗೆ ಗೊತ್ತೇ ಆಗಲ್ಲ. ಸೀರೆ ಅಂಚಿನ ಸಣ್ಣ ಡಿಸೈನ್ ಇರೋ ಚೌಕಕ್ಕೆ ಮಾತ್ರ ಜಾಸ್ತಿ ಸಂಖ್ಯೆ ಬೇಕು.

ನೆಟ್ ಕೈಕೊಟ್ಟಾಗ ಮುಖ ಚೌಕಾಬಾರದ ಮನೆಗಳ ಹಾಗೆ ಒಡೆದುಕೊಳ್ಳೋದು ನೋಡಿದ್ದೀರಲ್ವಾ? ಅದು ಇದೇ ಚೌಕ. ಕಳಿಸೋಕೆ ಜಾಗ ಇಲ್ಲ ಅಂದಾಗ ಇನ್ನಷ್ಟು ಸಂಖ್ಯೆಗಳನ್ನು ಸೊನ್ನೆ ಮಾಡ್ತಾ ಹೋಗಿ, ಕೊನೆಗೆ ಪ್ರತಿ ಚೌಕಕ್ಕೂ ಬರೀ ಸರಾಸರಿ ಉಳಿದರೆ ಹಾಗೆ ಕಾಣುತ್ತೆ. ಈಚಿನ ಕೊಡೆಕ್‌ಗಳು, ಅಂದರೆ ಹೀಗೆ ಹಿಂಡಿ ಮತ್ತೆ ಬಿಚ್ಚುವ ಸೂತ್ರಗಳು, ಚೌಕದ ಅಂಚನ್ನು ಉಜ್ಜಿ ನುಣುಪು ಮಾಡುತ್ತವೆ, ಹಾಗಾಗಿ ಈಗ ಒಡೆಯೋದು ಕಡಿಮೆ, ಮುಖಕ್ಕೆ ಮೇಣ ಬಳಿದ ಹಾಗೆ ಕಾಣೋದು ಜಾಸ್ತಿ. ಎರಡೂ ಒಂದೇ ಬಡತನ.

ಇದರ ಮೇಲೆ ಇನ್ನೊಂದು ಉಪಾಯ ಸೇರಿತು. ಅಮ್ಮನ ಹಿಂದಿನ ಗೋಡೆಯ ಕ್ಯಾಲೆಂಡರ್ ಅಲುಗಾಡಲ್ಲ, ಅದನ್ನು ಸೆಕೆಂಡಿಗೆ 30 ಸಲ ಕಳಿಸೋದು ಯಾಕೆ? ಬದಲಾದದ್ದನ್ನು ಮಾತ್ರ ಕಳಿಸಿದರಾಯ್ತು. ಫ್ಯಾನ್ ಗಾಳಿಗೆ ಪರದೆ ಹಾರುತ್ತಿದ್ದರೆ ಆ ಪರದೆಗೂ ಡೇಟಾ ಖರ್ಚು, ಅಷ್ಟು ಮುಖಕ್ಕೆ ಕಡಿಮೆ. ಕರೆ ಚೆನ್ನಾಗಿ ಬರಬೇಕು ಅಂದರೆ ಗೋಡೆಗೆ ಬೆನ್ನು ಮಾಡಿ ಕೂತುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಈ ಎರಡನ್ನೂ ಸೇರಿಸಿ ಜಗತ್ತಿನ ಟೆಲಿಫೋನ್ ಸಂಸ್ಥೆಗಳೆಲ್ಲ ಒಪ್ಪಿದ ಸ್ಟ್ಯಾಂಡರ್ಡ್ ಎಚ್.261. 1988ರಲ್ಲಿ ರೂಪ ಪಡೆದು 1990ರಲ್ಲಿ ಗಟ್ಟಿಯಾಯ್ತು. ಒಪ್ಪಿಸೋದು ಸುಲಭ ಇರಲಿಲ್ಲ. ಅಮೆರಿಕ, ಜಪಾನ್ ಟಿವಿಯಲ್ಲಿ ಸೆಕೆಂಡಿಗೆ 30 ಚಿತ್ರ, ಗೆರೆ ಕಡಿಮೆ. ಯುರೋಪಿನಲ್ಲಿ 25 ಚಿತ್ರ, ಗೆರೆ ಜಾಸ್ತಿ. ಕೊನೆಗೆ ಆದ ರಾಜಿ ನೋಡಿ: ಗೆರೆ ಯುರೋಪಿನದ್ದು, ವೇಗ ಅಮೆರಿಕದ್ದು. ಮೇಲೆ ಹೇಳಿದ 352 ಮತ್ತು 288 ಹುಟ್ಟಿದ್ದು ಹೀಗೆ. ಯಾರಿಗೂ ಪೂರ್ತಿ ಅನುಕೂಲ ಇಲ್ಲ, ಇಬ್ಬರಿಗೂ ಅರ್ಧರ್ಧ ತಲೆನೋವು. ಪಂಚಾಯ್ತಿ ಅಂದರೆ ಹಾಗೇ ತಾನೇ. ಇನ್ನೊಂದು ಜಾಣತನವೂ ಇತ್ತು. ಹಿಂಡಿ ಕಟ್ಟಿದ ಗಂಟು ಹೇಗೆ ಬಿಚ್ಚಬೇಕು ಅನ್ನೋದನ್ನು ಮಾತ್ರ ಸ್ಟ್ಯಾಂಡರ್ಡ್ ಹೇಳಿತು, ಹೇಗೆ ಕಟ್ಟಬೇಕು ಅಂತ ಹೇಳಲಿಲ್ಲ. ಚೆನ್ನಾಗಿ ಕಟ್ಟೋರು ಗೆಲ್ಲಲಿ, ಯಾರು ಕಟ್ಟಿದರೂ ಬಿಚ್ಚೋಕೆ ಬರಲಿ. ಇವತ್ತಿನ ಎಚ್.264 ತನಕ ಇದೇ ಪದ್ಧತಿ. ಒಂದೇ ಕೊಡೆಕ್ ಇದ್ದರೂ ಒಂದು ಆ್ಯಪ್‌ನಲ್ಲಿ ಚಂದ, ಇನ್ನೊಂದರಲ್ಲಿ ಮಬ್ಬು ಕಾಣೋದು ಇದರಿಂದಲೇ.

1990ರಲ್ಲಿ ಎಚ್.320 ಅಂತ ವಿಡಿಯೋ ಕರೆಗೆ ಒಂದು ಪೂರ್ತಿ ಚೌಕಟ್ಟೇ ಬಂತು, ಐಎಸ್‌ಡಿಎನ್ ಅನ್ನೋ ಡಿಜಿಟಲ್ ಟೆಲಿಫೋನ್ ಲೈನ್‌ಗಳಿಗೆ. ಪೆಟ್ಟಿಗೆ ದುಬಾರಿ, ಬಿಲ್ಲು ದುಬಾರಿ, ಚಿತ್ರ ಸುಮಾರು. ಆದರೆ ಒಂದು ಕಂಪನಿಯ ಪೆಟ್ಟಿಗೆಯಿಂದ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ನಂಬರ್ ಒತ್ತಿದರೆ ಹೋಗುತ್ತಿತ್ತು! ಅಮ್ಮ ಕೇಳಿದ್ದು ಮೂವತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ಆಫೀಸುಗಳಲ್ಲಿ ಇತ್ತು. ಚಿತ್ರದಲ್ಲಿ ಮುಂದೆ ಬಂದೆವು, ಬಾಗಿಲಿನ ವಿಷಯದಲ್ಲಿ ಹಿಂದೆ ಹೋದೆವು.

ಯಾಕೆ? ಇಂಟರ್ನೆಟ್ ಬಂತು. 1996ರಲ್ಲಿ ಇಂಟರ್ನೆಟ್‌ಗೆ ಅಂತ ಎಚ್.323, 1999ರಲ್ಲಿ ಅದಕ್ಕಿಂತ ಸರಳವಾದ ಸಿಪ್, ಎರಡೂ ಕರೆ ಸೇರಿಸುವ ಸ್ಟ್ಯಾಂಡರ್ಡ್‌ಗಳು. ಕಾಗದದ ಮೇಲೆ ಎರಡೂ ಚೆನ್ನಾಗಿದ್ದವು. ತೊಂದರೆ ಎಲ್ಲಿ ಬಂತು ಅನ್ನೋಕೆ ಒಂದು ವಠಾರ ನೆನೆಸಿಕೊಳ್ಳಿ. ಹತ್ತು ಮನೆ, ರಸ್ತೆಗೆ ಕಾಣೋದು ಒಂದೇ ಗೇಟು, ಒಂದೇ ಡೋರ್ ನಂಬರ್. ಒಳಗಿನವರು ಹೊರಗೆ ಕಾಗದ ಹಾಕಬಹುದು, ಆದರೆ ಹೊರಗಿನಿಂದ ಬಂದ ಪೋಸ್ಟ್‌ಮ್ಯಾನ್‌ಗೆ ಯಾವ ಮನೆ ಅಂತ ಗೊತ್ತಾಗಲ್ಲ. ಇಂಟರ್ನೆಟ್ ವಿಳಾಸಗಳು ಸಾಲದೇ ಹೋದಾಗ ಮನೆ, ಆಫೀಸುಗಳೆಲ್ಲ ಹೀಗೆ ವಠಾರ ಆದವು. ಇದಕ್ಕೆ ನ್ಯಾಟ್ ಅಂತಾರೆ. ಎಚ್.323 ತನ್ನ ಕಾಗದದೊಳಗೇ "ನನ್ನ ಮನೆ ನಂಬರ್ ಇಷ್ಟು, ಇಲ್ಲಿಗೆ ಬನ್ನಿ" ಅಂತ ಬರೆಯುತ್ತಿತ್ತು. ಅದು ವಠಾರದ ಒಳಗಿನ ನಂಬರ್. ಹೊರಗಿನವರು ಬಂದರೆ ಗೇಟಲ್ಲೇ ನಿಲ್ಲೋದು. ಕರೆ ಸೇರಿದರೂ ಒಬ್ಬರಿಗೆ ಮಾತ್ರ ದನಿ ಕೇಳೋದು, ಇನ್ನೊಬ್ಬರು "ಹಲೋ ಹಲೋ" ಅಂತ ಕೂಗೋದು, ಆ ಕಾಲದ ಗೋಳು ಇದು.

ಪರಿಹಾರ ಬಂತು, ನಿಧಾನಕ್ಕೆ. ಹೊರಗಿನವರೊಬ್ಬರನ್ನು "ನಿಮಗೆ ನನ್ನ ವಿಳಾಸ ಏನು ಕಾಣ್ತಿದೆ?" ಅಂತ ಕೇಳಿ ಅದನ್ನೇ ಹೇಳೋದು ಸ್ಟನ್. ಏನೂ ಆಗದಿದ್ದರೆ ಇಬ್ಬರೂ ಮೂಲೆ ಅಂಗಡಿಯಲ್ಲಿ ಸಾಮಾನು ಇಟ್ಟು ಹೋಗೋದು ಟರ್ನ್. ಎಲ್ಲ ದಾರಿ ಪರೀಕ್ಷಿಸಿ ಒಳ್ಳೆಯದನ್ನು ಆರಿಸೋದು ಐಸ್. ಐಸ್ ಪೂರ್ತಿ ಸ್ಟ್ಯಾಂಡರ್ಡ್ ಆಗಿದ್ದು 2010ರಲ್ಲಿ. ಅಷ್ಟರಲ್ಲಿ ಊರು ಕೊಳ್ಳೆ ಹೋಗಿತ್ತು. 2003ರಲ್ಲಿ ಬಂದ ಸ್ಕೈಪ್ ವಠಾರದ ಗೋಡೆ ಹಾರೋ ಕಲೆಯನ್ನು ತಾನೇ ಕಲಿತು, ಆ ಕಲೆಯನ್ನು ಯಾರಿಗೂ ಹೇಳದೆ, ಫ್ರೀಯಾಗಿ ಕೊಟ್ಟಿತು. ಜನಕ್ಕೆ ಸ್ಟ್ಯಾಂಡರ್ಡ್ ಯಾರಿಗೆ ಬೇಕು, ಕರೆ ಸೇರಬೇಕು ಅಷ್ಟೇ. ಸೇರ್ತಿತ್ತು. ಅಲ್ಲಿಂದಲೇ ಒಂದೊಂದು ಆ್ಯಪ್ ಒಂದೊಂದು ಊರು ಆಯ್ತು ಅಂತ ನನ್ನ ಲೆಕ್ಕ. ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು, ಅದು ಬಿಟ್ಟುಹೋದ ಪದ್ಧತಿ ಮಾತ್ರ ಉಳಿದಿದೆ.

2010ರ ಜೂನ್‌ನಲ್ಲಿ ಐಫೋನ್‌ನ ವಿಡಿಯೋ ಕರೆ ಫೇಸ್‌ಟೈಮ್ ತೋರಿಸುತ್ತಾ ಸ್ಟೀವ್ ಜಾಬ್ಸ್ ಇದನ್ನು ಎಲ್ಲರಿಗೂ ತೆರೆದ ಸ್ಟ್ಯಾಂಡರ್ಡ್ ಮಾಡ್ತೀವಿ ಅಂದಿದ್ದರು. ಆಗಲಿಲ್ಲ. 2021ರಲ್ಲಿ ಬೇರೆ ಫೋನ್‌ನವರು ಬ್ರೌಸರ್‌ನಲ್ಲಿ ಲಿಂಕ್ ಒತ್ತಿ ಬರಬಹುದು ಅನ್ನೋ ಮಟ್ಟಕ್ಕೆ ಬಂತು.

ಈಗ ನಾವೆಲ್ಲ ಬಳಸುವುದರ ಅಡಿಪಾಯ ವೆಬ್‌ಆರ್‌ಟಿಸಿ. ಗೂಗಲ್ 2010ರಲ್ಲಿ ಜಿಪ್ಸ್ ಅನ್ನೋ ಕಂಪನಿಯನ್ನು ಸುಮಾರು 6.8 ಕೋಟಿ ಡಾಲರ್‌ಗೆ ಕೊಂಡು, ಅದರ ಮಾಲನ್ನು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬ್ರೌಸರ್‌ನಲ್ಲೇ ವಿಡಿಯೋ ಕರೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಯಾವ ಕೊಡೆಕ್ ಇರಬೇಕು ಅನ್ನೋದಕ್ಕೆ ವರ್ಷಗಟ್ಟಲೆ ಜಗಳ ಆಯ್ತು. ಒಂದು ಕಡೆ ಎಚ್.264, ಚೆನ್ನಾಗಿದೆ ಆದರೆ ಪೇಟೆಂಟ್ ದುಡ್ಡು ಕಟ್ಟಬೇಕು, ಇನ್ನೊಂದು ಕಡೆ ಗೂಗಲ್‌ನ ವಿಪಿ8, ಬಿಟ್ಟಿ. ಸಿಸ್ಕೋ 2013ರಲ್ಲಿ ನಾವೇ ಪೇಟೆಂಟ್ ದುಡ್ಡು ಕಟ್ತೀವಿ, ನಮ್ಮ ಎಚ್.264 ತಗೊಳ್ಳಿ ಅಂತ ಮುಂದೆ ಬಂತು. 2014ರ ನವೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಸೇರಿದ ಇಂಟರ್ನೆಟ್ ಸ್ಟ್ಯಾಂಡರ್ಡ್ ಬರೆಯುವವರ ಸಭೆ ಬ್ರೌಸರ್‌ಗಳಲ್ಲಿ ಎರಡೂ ಇರಲಿ ಅಂತ ಕೈತೊಳೆದುಕೊಂಡಿತು. ಮುಂದೆ ಎಚ್.264ರ ನಂತರದ ಎಚ್.265ರ ಪೇಟೆಂಟ್ ಇನ್ನೂ ಕಗ್ಗಂಟಾದಾಗ ಗೂಗಲ್, ಸಿಸ್ಕೋ, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಮುಂತಾದವರು ಸೇರಿ 2018ರಲ್ಲಿ ಎವಿ1 ಅನ್ನೋ ಬಿಟ್ಟಿ ಕೊಡೆಕ್ ತಂದರು. ದನಿಗೆ ಇಂಥ ಜಗಳ ಆಗಲಿಲ್ಲ, 2012ರ ಓಪಸ್ ಅನ್ನೋ ದನಿಯ ಕೊಡೆಕ್‌ಗೆ ಎದುರಾಳಿಯೇ ಇಲ್ಲ. ಅದರೊಳಗೂ ಅಹ್ಮದ್ ಅವರ ಡಿಸಿಟಿಯ ಒಬ್ಬ ತಮ್ಮ ಕೂತಿದ್ದಾನೆ.

ಒಳಗೆ ಎಲ್ಲ ಒಂದೇ ಅಂದೆನಲ್ಲ, ನಂಬಿಕೆ ಇಲ್ಲದಿದ್ದರೆ ನೀವೇ ನೋಡಿ. ಕ್ರೋಮ್‌ನಲ್ಲಿ ಗೂಗಲ್ ಮೀಟ್ ಕರೆ ನಡೀತಿರುವಾಗ ಪಕ್ಕದ ಟ್ಯಾಬ್‌ನಲ್ಲಿ ವೆಬ್‌ಆರ್‌ಟಿಸಿ ಇಂಟರ್ನಲ್ಸ್ ಅನ್ನೋ ಒಳಪುಟ ತೆರೆಯಿರಿ. ಗ್ರಾಫ್‌ಗಳ ರಾಶಿ ಬರುತ್ತೆ, ಗಾಬರಿ ಬೇಡ. ಕೊಡೆಕ್ ಹೆಸರು, ಎಷ್ಟು ಪ್ಯಾಕೆಟ್ ಕಳೆದುಹೋಯ್ತು, ಎಷ್ಟು ತಡವಾಯ್ತು, ಎಲ್ಲ ಇದೆ. ಕರೆ ಶುರುವಾಗುವ ಮುನ್ನ ಎರಡೂ ಕಡೆಯವರು ಮಾಡಿಕೊಂಡ ಮಾತುಕತೆಯೂ ಅಲ್ಲಿದೆ: ನನಗೆ ಈ ಈ ಕೊಡೆಕ್ ಬರುತ್ತೆ, ನಿನಗೆ ಯಾವುದು ಬರುತ್ತೆ ಅಂತ. ಪ್ರತಿ ಪ್ಯಾಕೆಟ್‌ನ ತಲೆಯಲ್ಲಿ 12 ಬೈಟ್‌ನ ಚೀಟಿ, ಅದರಲ್ಲಿ ಕ್ರಮಸಂಖ್ಯೆ ಮತ್ತು ಹೊತ್ತು. ಆ ಚೀಟಿಯ ಅಳತೆ 1996ರಲ್ಲಿ ಬರೆದದ್ದು, ಆರ್‌ಟಿಪಿ ಅಂತ ಹೆಸರು, ಇವತ್ತಿಗೂ ಅದೇ.

ಆದರೆ ವೆಬ್‌ಆರ್‌ಟಿಸಿ ಒಂದನ್ನು ಬೇಕೆಂದೇ ಕೈಬಿಟ್ಟಿತು. ಯಾರು ಯಾರನ್ನು ಕರೆಯಬೇಕು, ಹೆಸರು ಏನು, ಗಂಟೆ ಹೇಗೆ ಬಾರಿಸಬೇಕು, ಅದೆಲ್ಲ ಆ್ಯಪ್‌ನವರಿಗೆ ಬಿಟ್ಟದ್ದು. ಸಿಪ್ ಹೇರಿದ್ದರೆ ಯಾರೂ ಒಪ್ಪುತ್ತಿರಲಿಲ್ಲ, ಸ್ಟ್ಯಾಂಡರ್ಡೇ ಹುಟ್ಟುತ್ತಿರಲಿಲ್ಲ ಅನ್ನೋದು ನಿಜ ಇರಬಹುದು. ಪರಿಣಾಮ ಮಾತ್ರ ಸ್ಪಷ್ಟ: ರಸ್ತೆ ಎಲ್ಲರದ್ದು, ಗೇಟು ಅವರವರದ್ದು.

ಗೇಟಿನಲ್ಲಿ ಯಾರಿದ್ದಾರೆ ಅನ್ನೋದು ಸಣ್ಣ ವಿಷಯ ಅಲ್ಲ. 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಆನ್‌ಲೈನ್ ಕಲಾಪಕ್ಕೆ ಯಾರೋ ನುಗ್ಗಿ ಅಶ್ಲೀಲ ವಿಡಿಯೋ ತೋರಿಸಿದರು, ಕೋರ್ಟು ವಿಡಿಯೋ ಕಾನ್ಫರೆನ್ಸನ್ನೂ ಲೈವ್ ಸ್ಟ್ರೀಮಿಂಗನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯ್ತು. ಆವತ್ತು ಕೊಡೆಕ್ ಕೆಟ್ಟಿರಲಿಲ್ಲ, ಚಿತ್ರ ಸೊಗಸಾಗೇ ಬಂದಿರಬೇಕು. ಒಳಗೆ ಬಂದವರು ಯಾರು ಅಂತ ಹೇಳೋಕೆ ಒಪ್ಪಿತ ಪದ್ಧತಿ ಇರಲಿಲ್ಲ.

ಹಾಗಾದರೆ ಬೇಲಿ ತೆಗೆದರೆ ಏನು ತೊಂದರೆ ಅಂತ ಕಂಪನಿಗಳನ್ನು ಕೇಳಿದರೆ ಮೊದಲು ಬರೋ ಉತ್ತರ ಸುರಕ್ಷತೆ. ಮೋಸಗಾರರು ಎಲ್ಲಿಂದಲೋ ವಿಡಿಯೋ ಕರೆ ಮಾಡ್ತಾರೆ ಅಂತ. ಸ್ವಾಮಿ, ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತು "ಡಿಜಿಟಲ್ ಅರೆಸ್ಟ್" ಅಂತ ನಮ್ಮ ಹಿರಿಯರ ಪೆನ್ಷನ್ ದುಡ್ಡು ದೋಚಿದ್ದು ಬೇಲಿ ಇರುವ ಆ್ಯಪ್‌ಗಳಲ್ಲೇ ಅಲ್ವಾ? ಆ ವಾದ ನನಗೆ ಒಪ್ಪಿಗೆ ಇಲ್ಲ.

ಎರಡನೇ ವಾದದಲ್ಲಿ ಹುರುಳಿದೆ, ಎನ್‌ಕ್ರಿಪ್ಶನ್, ಅಂದರೆ ನಡುವಿನವರಿಗೆ ಕಾಣದ ಹಾಗೆ ಬೀಗ ಹಾಕಿ ಕಳಿಸೋದು. ಮೊದಲು ಹಲವರ ಕರೆಗೆ ನಡುವೆ ಒಂದು ದೊಡ್ಡ ಯಂತ್ರ ಇರುತ್ತಿತ್ತು, ಎಲ್ಲರ ಚಿತ್ರವನ್ನೂ ಬಿಚ್ಚಿ, ಕಲಸಿ, ಬಿಸಿಬೇಳೆಬಾತ್ ಮಾಡಿ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ. ಈಗಿನ ಸರ್ವರ್ ಬಡಿಸೋರ ಹಾಗೆ, ಬಂದದ್ದನ್ನು ಬಿಚ್ಚದೆ ಎಲೆಗೆ ಹಾಕ್ತಾ ಹೋಗುತ್ತೆ. ನಿಮ್ಮ ಫೋನೇ ದೊಡ್ಡದು, ಸಣ್ಣದು ಅಂತ ಎರಡು ಮೂರು ಅಳತೆಯ ವಿಡಿಯೋ ಕಳಿಸುತ್ತೆ, ಯಾರ ನೆಟ್ ಎಷ್ಟು ತಡೆಯುತ್ತೋ ಅಷ್ಟು ಅವರ ಎಲೆಗೆ. ಬಿಚ್ಚದ್ದರಿಂದ ಪೂರ್ತಿ ಬೀಗ ಹಾಕಿ ಕಳಿಸೋದು ಸಾಧ್ಯ. ಸಾಧ್ಯ ಅಂದರೆ ಎಲ್ಲರೂ ಮಾಡ್ತಾರೆ ಅಂತ ಅಲ್ಲ. ಅಂಥ ಬೀಗ ಮೊದಲಿಂದಲೂ ಇದೆ ಅಂತ ಜೂಮ್ ಹೇಳಿಕೊಂಡು ಬಂದದ್ದು ಪೂರ್ತಿ ನಿಜವಲ್ಲ ಅನ್ನೋ ಆರೋಪದ ಮೇಲೆ ಅದು ಅಮೆರಿಕದ ಗ್ರಾಹಕ ರಕ್ಷಣೆ ನೋಡಿಕೊಳ್ಳುವ ಎಫ್‌ಟಿಸಿ ಜೊತೆ 2020ರ ನವೆಂಬರ್‌ನಲ್ಲಿ ರಾಜಿ ಮಾಡಿಕೊಳ್ಳಬೇಕಾಯ್ತು. ಎರಡು ಕಂಪನಿಗಳ ನಡುವೆ ಬೀಗದ ಕೈ ಹಂಚಿಕೊಳ್ಳೋದು ಹೇಗೆ ಅನ್ನೋದು ಕಷ್ಟದ ಲೆಕ್ಕವೇ. ಅದಕ್ಕೂ ಕೆಲಸ ನಡೆದಿದೆ. ಗುಂಪಿನಲ್ಲಿ ಕೀಲಿ ಹಂಚೋಕೆ ಎಂಎಲ್‌ಎಸ್ 2023ರಲ್ಲಿ ಬಂತು, ವಿಡಿಯೋ ಫ್ರೇಮ್‌ಗೇ ಬೀಗ ಹಾಕುವ ಎಸ್‌ಫ್ರೇಮ್ 2024ರಲ್ಲಿ.

ಮೂರನೇ ಕಾರಣ ಯಾರೂ ಬಾಯಿಬಿಟ್ಟು ಹೇಳಲ್ಲ. ನಿಮ್ಮ ಬಳಗ ಎಲ್ಲಿದೆಯೋ ನೀವೂ ಅಲ್ಲೇ ಇರ್ತೀರಿ. ಗೇಟು ತೆರೆದರೆ ಇರಬೇಕಾಗಿಲ್ಲ.

ಅಮ್ಮನ ಮೂಲ ಪ್ರಶ್ನೆಗೆ ಬರ್ತೀನಿ. ಅವಳ 4ಜಿ ಫೋನ್ ಕರೆ ಒಳಗೆ ಓಡೋದು ಯಾವುದರ ಮೇಲೆ ಗೊತ್ತಾ? ಸಿಪ್ ಮತ್ತು ಆರ್‌ಟಿಪಿ ಮೇಲೆ. ಕಾನ್ಫರೆನ್ಸ್ ಲೋಕದಲ್ಲಿ ಸೋತ ಅದೇ ಸಿಪ್. ಅಂದರೆ ಒಂದು ಸಿಮ್‌ನಿಂದ ಇನ್ನೊಂದಕ್ಕೆ ಕರೆ ಹೋಗೋದು ತಂತ್ರಜ್ಞಾನ ಬೇರೆ ಅನ್ನೋದಕ್ಕಲ್ಲ, ಹೋಗಲೇಬೇಕು ಅಂತ ಲೈಸೆನ್ಸ್‌ನಲ್ಲಿ ಬರೆದಿರೋದಕ್ಕೆ. ಬರೆದಿದ್ದರೂ ಕಿತ್ತಾಟ ತಪ್ಪಲಿಲ್ಲ. 2016ರಲ್ಲಿ ಜಿಯೋ ಬಂದಾಗ ಅದರ ಕರೆಗಳಿಗೆ ಸಾಕಷ್ಟು ಸಂಪರ್ಕ ಕೊಡಲಿಲ್ಲ ಅಂತ ಏರ್‌ಟೆಲ್, ವೊಡಾಫೋನ್, ಐಡಿಯಾ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡಕ್ಕೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ಶಿಫಾರಸು ಮಾಡಿತ್ತು. ಫೋನ್ ಕಂಪನಿಗಳೂ ಬಿಟ್ಟರೆ ಬೇಲಿ ಹಾಕುವವರೇ. ತಲೆ ಮೇಲೆ ಕೋಲು ಇದೆ, ಅಷ್ಟೇ.

ವಿಡಿಯೋ ಆ್ಯಪ್‌ಗಳಿಗೆ ಅಂಥ ಕೋಲು ಎತ್ತಿರೋದು ಯುರೋಪ್. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ ವಾಟ್ಸಾಪ್ ಮತ್ತು ಮೆಸೆಂಜರ್ ದ್ವಾರಪಾಲಕರು ಅಂತ 2023ರ ಸೆಪ್ಟೆಂಬರ್ 6ರಂದು ಗುರುತಾದವು. ಬೇರೆ ಸೇವೆಯವರು ಕೇಳಿದರೆ ಮೊದಲು ಮೆಸೇಜ್, ಎರಡು ವರ್ಷದಲ್ಲಿ ಗುಂಪು ಮೆಸೇಜ್, ನಾಲ್ಕು ವರ್ಷದಲ್ಲಿ ದನಿ ಮತ್ತು ವಿಡಿಯೋ ಕರೆ ತೆರೆದುಕೊಡಬೇಕು. ಅಂದರೆ ವಿಡಿಯೋಗೆ ಗಡುವು 2027ರ ಸೆಪ್ಟೆಂಬರ್. ಅದು ಯುರೋಪಿನವರಿಗೆ ಮಾತ್ರ, ಆಫೀಸ್ ಮೀಟಿಂಗ್ ಆ್ಯಪ್‌ಗಳು ಈ ಪಟ್ಟಿಯಲ್ಲಿಲ್ಲ. ಅಕ್ಕನ ಲ್ಯಾಪ್‌ಟಾಪ್ ಕಥೆ ಹಾಗೇ ಉಳಿಯುತ್ತೆ.

ಇದನ್ನೆಲ್ಲ ಅಮ್ಮನಿಗೆ ಹೇಳೋಕೆ ಹೋಗಲಿಲ್ಲ. ಸಿಮ್‌ನಲ್ಲೇ ವಿಡಿಯೋ ಕರೆಗೆ ಒಂದು ಸ್ಟ್ಯಾಂಡರ್ಡ್ ಇದೆ, ವಿಡಿಯೋ ಓವರ್ ಎಲ್‌ಟಿಇ ಅಂತ, ಅದನ್ನು ತೋರಿಸೋಣ ಅಂತ ಡಯಲರ್‌ನಲ್ಲಿ ನನ್ನ ನಂಬರ್ ಪಕ್ಕದ ಕ್ಯಾಮೆರಾ ಗುರುತು ಒತ್ತಿಸಿದೆ. ಇಬ್ಬರದ್ದೂ ಒಂದೇ ಕಂಪನಿ ಸಿಮ್. ಆ್ಯಪ್ ಇಲ್ಲ, ಲಿಂಕ್ ಇಲ್ಲ, ಅಡುಗೆಮನೆಯಿಂದ ಜಗಲಿಗೆ ಸೀದಾ ಮುಖ ಬಂತು. ಅಮ್ಮ ಖುಷಿಯಾಗಿ ತಮ್ಮನ ನಂಬರ್ ಒತ್ತಿದಳು. ಅವನದು ಬೇರೆ ಕಂಪನಿ ಸಿಮ್. ಒಂದು ಕ್ಷಣ ತಿರುಗಿ, ಸ್ಕ್ರೀನ್ ಮೇಲೆ ನಾಲ್ಕನೇ ಆ್ಯಪ್ ಒಂದು ತೆರೆದುಕೊಂಡು ಅವಳ ಹೆಸರು, ಇಮೇಲ್ ಕೇಳಿತು.